ಮೇಲಿನ ಮನೆಯ ಹೊಣೆ

ದೇವದುರ್ಗದಿಂದ ರಾಯಚೂರಿಗೆ ನರ್ಸ್ ಕೆಲಸಕ್ಕೆ ಬಂದಾಗ ಸೂಗಮ್ಮನವರಿಗೆ ಇಪ್ಪತ್ತನಾಲ್ಕು ವರ್ಷ. ಅವರ ಅವ್ವ ರಸ್ತೆ ಕೆಲಸದಲ್ಲಿ ಜಲ್ಲಿ ಹೊತ್ತು ಮಗಳನ್ನು ಓದಿಸಿದ್ದಳು. ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಅಯ್ಯಪ್ಪ, ಮಗ ಕಿರಣಕುಮಾರನಿಗೆ ಎರಡು ವರ್ಷವಾದಾಗ ಕಾಮಾಲೆಯಿಂದ ತೀರಿಕೊಂಡ. ಅಲ್ಲಿಂದ ಮುಂದೆ ಮಗನನ್ನು ಕಟ್ಟಿಕೊಂಡು ಊರ ತುಂಬ ಬಾಡಿಗೆ ಮನೆ ಬದಲಿಸಿದರು. ಒಟ್ಟು ಒಂಬತ್ತು ಮನೆ. ಹತ್ತು ವರ್ಷದ ಹಿಂದೆ ಲಿಂಗಸೂಗೂರು ರಸ್ತೆಯ ಬಡಾವಣೆಯಲ್ಲಿ ಸ್ವಂತದ್ದೊಂದು ಸಣ್ಣ ಮನೆ ಆಯಿತು. ಕಳೆದ ವರ್ಷ ನಿವೃತ್ತರಾದಾಗ ಬಂದ ಹಣದಲ್ಲಿ ಅದರ ಮೇಲೆ ಇನ್ನೊಂದು ಮನೆ ಏರಿಸಿದರು. ಕಟ್ಟಿಸುವ ಉಸ್ತುವಾರಿಯನ್ನೆಲ್ಲ ಕಿರಣನೇ ನೋಡಿಕೊಂಡ. ಅವನು ಹತ್ತಿಯ ಮಿಲ್ಲಿನಲ್ಲಿ ಸೂಪರ್‌ವೈಸರ್. ಮೇಸ್ತ್ರಿಗಳ ಜೊತೆ ಮಾತಾಡಿ ಕೆಲಸ ತೆಗೆಯುವುದು ಗೊತ್ತಿದ್ದವನು.

ಜನವರಿಯಲ್ಲಿ ಮನೆ ನೋಡಲು ವಾದಿರಾಜ ಬಂದ. ಮಾನ್ವಿಯವನು, ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಸಂಸ್ಕೃತ ಮೇಷ್ಟ್ರು. ಜೊತೆಗೆ ಹೆಂಡತಿ ಶ್ರೀಲಕ್ಷ್ಮೀ, ತಾಯಿ ಜಯಾಬಾಯಿ. ಮೇಲೆಲ್ಲ ನೋಡಿ ಬಂದು ಕೆಳಗೆ ನಡುಮನೆಯಲ್ಲಿ ನಿಂತಾಗ, ಗೋಡೆಯ ಮೇಲಿದ್ದ ಬುದ್ಧನ ಚಿತ್ರದ ಕಡೆಗೂ ಬಾಬಾಸಾಹೇಬರ ಫೋಟೊದ ಕಡೆಗೂ ಅವನ ಕಣ್ಣು ಹೋಯಿತು. ಸೂಗಮ್ಮ ಅದನ್ನು ಗಮನಿಸಿದರು.

"ನೋಡ್ರಿ ಸರ, ಆಮ್ಯಾಲ ಗೊತ್ತಾಗಿ ಮನಸ್ಸಿಗೆ ಕಸಿವಿಸಿ ಮಾಡ್ಕೊಳ್ಳೋದು ಬ್ಯಾಡ. ನಾವು ಎಂಥ ಮಂದಿ ಅಂತ ಈಗೇ ಹೇಳಿಬಿಡ್ತೀನಿ," ಎಂದರು.

"ಹೇಳೋದು ಬ್ಯಾಡ ಬಿಡ್ರಿ ಸಿಸ್ಟರ್," ಎಂದ ವಾದಿರಾಜ. "ಮನಿಯೊಳಗ ಬೆಳಕು ಚಲೋ ಅದ. ಶಾಲಿಗೆ ನಡಕೊಂಡು ಹೋಗಬಹುದು. ನಮಗ ಅಷ್ಟು ಸಾಕು."

ಜಯಾಬಾಯಿ ಒಳಗೆ ಬರಲಿಲ್ಲ. ಅವರು ಬಾಗಿಲ ಹೊರಗೇ ನಿಂತಿದ್ದರು. ಮೇಲೆ ಬಂದು ಸೇರಿದ ಮೇಲೂ ಮೆಟ್ಟಿಲಲ್ಲಿ ಎದುರಾದರೆ ಚೆನ್ನಾಗಿಯೇ ನಗುತ್ತಿದ್ದರು, ಬಿಸಿಲಿನ ಮಾತು, ನೀರಿನ ಮಾತು ಆಡುತ್ತಿದ್ದರು. ಆದರೆ ಕೆಳಮನೆಯ ಹೊಸ್ತಿಲು ದಾಟಿರಲಿಲ್ಲ. ಸೂಗಮ್ಮನೂ ಒಳಗೆ ಬನ್ನಿ ಎಂದು ಒತ್ತಾಯ ಮಾಡಿರಲಿಲ್ಲ.

ಫೆಬ್ರವರಿ ಕೊನೆಗೆ ದೇವದುರ್ಗದಲ್ಲಿದ್ದ ಸೂಗಮ್ಮನ ಅಕ್ಕನಿಗೆ ಆಪರೇಷನ್ ಆಯಿತು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಸೂಗಮ್ಮ ಮನೆಯನ್ನು ಕಿರಣನಿಗೆ ಒಪ್ಪಿಸಿ ಒಂದು ತಿಂಗಳಿಗೆಂದು ಹೋದರು.

ಅವರು ವಾಪಸ್ ಬಂದದ್ದು ಮಾರ್ಚ್ ಕೊನೆಯ ವಾರ. ಗಬ್ಬೂರು, ಕಲ್ಮಲ ದಾಟಿ ಬಸ್ಸು ಊರು ಮುಟ್ಟುವಷ್ಟರಲ್ಲಿ ಹನ್ನೆರಡು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಗೇಟು ತೆರೆದು ಒಳಗೆ ಬಂದರೆ, ಶ್ರೀಲಕ್ಷ್ಮೀ ಎರಡು ಪ್ಲಾಸ್ಟಿಕ್ ಕೊಡ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಮುಖ ಕೆಂಪಗಾಗಿತ್ತು, ಸೀರೆಯ ನೆರಿಗೆ ನೆನೆದು ಕಾಲಿಗೆ ಅಂಟಿಕೊಂಡಿತ್ತು.

"ಯಾಕವ್ವ, ಮೋಟರ್ ಸುಟ್ಟೈತೇನು?"

ಶ್ರೀಲಕ್ಷ್ಮೀ ನಿಂತಳು. ಉತ್ತರ ಕೊಡಲೋ ಬೇಡವೋ ಎನ್ನುವಂತೆ ನೋಡಿದಳು. "ಕಿರಣ ಅವರು ಹಂಗಂದ್ರು ಸಿಸ್ಟರ್. ಮೂರು ದಿನ ಆತು. ಎದುರುಮನಿ ಬೋರಿನಿಂದ ತರ್ಲಿಕ್ಕತ್ತೀನಿ."

ಮೇಲೆ ಬಾಲ್ಕನಿಯಲ್ಲಿ ಜಯಾಬಾಯಿ ಕುರ್ಚಿಯಲ್ಲಿ ಕೂತಿದ್ದರು. ಅವರ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಸೂಗಮ್ಮ ಚೀಲವನ್ನು ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದರು.

"ಬಾಯಾರ, ಏನಾತ್ರಿ ಕೈಗೆ?"

ಜಯಾಬಾಯಿ ಅವರನ್ನೇ ನೋಡಿದರು. "ನಿಮಗ ಗೊತ್ತೇ ಇಲ್ಲೇನು?"

ಸೂಗಮ್ಮನಿಗೆ ನಿಜಕ್ಕೂ ಗೊತ್ತಿರಲಿಲ್ಲ. ದಿನಾ ಫೋನು ಮಾಡುತ್ತಿದ್ದ ಮಗ ಮನೆಯ ವಿಷಯ ಬಂದಾಗ ಎಲ್ಲ ಆರಾಮ ಅದ ಎಂದೇ ಹೇಳಿದ್ದ. ಆದದ್ದನ್ನು ಶ್ರೀಲಕ್ಷ್ಮೀ ಹೇಳಿದಳು. ಸೂಗಮ್ಮ ಊರಿಗೆ ಹೋದ ವಾರವೇ ಬಚ್ಚಲಿನ ನಳ ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತ್ತು. ಮೇಲಿನವರು ಕಿರಣನಿಗೆ ಎರಡು ಸಲ ಫೋನಿನಲ್ಲಿ ಹೇಳಿದರು, ಒಂದು ಸಲ ಶ್ರೀಲಕ್ಷ್ಮೀ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದಳು. "ಮನಿ ಹೊಸಾದು, ಗೀಜರು ನಿಮ್ಮದು. ಅದನ್ನ ತೋರಿಸ್ರಿ," ಎಂದಿದ್ದ. ತೋರಿಸುವುದರೊಳಗೆ ಒಂದು ಬೆಳಿಗ್ಗೆ ಜಯಾಬಾಯಿ ಸ್ನಾನಕ್ಕೆಂದು ಒದ್ದೆ ನೆಲದ ಮೇಲೆ ನಿಂತು ನಳ ತಿರುಗಿಸಿದರು. ಶಾಕು ಹೊಡೆದು ಹಿಂದಕ್ಕೆ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು.

"ಅವತ್ತೇ ಜಹೀರ್ ಅಂತ ಎಲೆಕ್ಟ್ರಿಷಿಯನ್‌ನ ಕರಕೊಂಡು ಬಂದ್ವಿ," ಎಂದಳು ಶ್ರೀಲಕ್ಷ್ಮೀ. "ಗೀಜರಿನೊಳಗ ಲೀಕ್ ಇತ್ತು ಖರೆ. ಆದ್ರ ಮ್ಯಾಲಿನ ಮನಿಗೆ ಅರ್ಥಿಂಗೇ ಇಲ್ಲಂತ. ಹಸಿರು ವೈರು ಬೋರ್ಡಿನ ತನಕ ಬಂದು ಅಲ್ಲೇ ತುದಿ ಬಿಟ್ಟದಂತ, ನೆಲಕ್ಕ ಹೋಗೇ ಇಲ್ಲಂತ. ಅದಿದ್ದಿದ್ರ ಹಿಂಗ ಹೊಡೀತಿರಲಿಲ್ಲ ಅಂದ. ನಮ್ಮವರು ನಿಮ್ಮ ಹೆಸರಿಗೆ ರಿಜಿಸ್ಟರ್ ಪತ್ರ ಹಾಕಿದ್ರು. ಪತ್ರ ಬಂದ ದಿನದಿಂದ ನೀರಿಲ್ಲ."

ಸೂಗಮ್ಮ ಕೆಳಗಿಳಿದು ಮನೆಯ ಹಿಂದಕ್ಕೆ ಹೋದರು. ಸಂಪಿನ ಪಕ್ಕ ಗೋಡೆಗೆ ಎರಡು ಪೈಪು, ಎರಡು ವಾಲ್ವು. ಮೇಲಿನ ಟ್ಯಾಂಕಿನದು ಬಿಗಿಯಾಗಿ ಮುಚ್ಚಿತ್ತು. ಎರಡೂ ಕೈ ಹಾಕಿ ತಿರುಗಿಸಿ ತೆರೆದರು. ಮೋಟರಿನ ಸ್ವಿಚ್ಚು ಹಾಕಿದರು. ಅದು ಯಾವ ತಕರಾರೂ ಇಲ್ಲದೆ ಓಡಿತು.

ಸಂಜೆ ಕಿರಣ ಮಿಲ್ಲಿನಿಂದ ಬಂದಾಗ ಸೂಗಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಆ ಪತ್ರ ಓದುತ್ತಿದ್ದರು. ಟಿವಿಯ ಕೆಳಗಿನ ಡ್ರಾಯರಿನಲ್ಲಿ ಅದು ಸಿಕ್ಕಿತ್ತು. ವಾದಿರಾಜನ ಅಕ್ಷರ ದುಂಡಗಿತ್ತು, ಭಾಷೆ ಗೌರವದ್ದಾಗಿತ್ತು. ಹದಿನೈದು ದಿನದೊಳಗೆ ಅರ್ಥಿಂಗ್ ಮಾಡಿಸಿಕೊಡಬೇಕು, ಇಲ್ಲದಿದ್ದರೆ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬೇಕಾಗುತ್ತದೆ ಎಂದಿತ್ತು.

"ಬಂದೇನ್ಬೇ?" ಎನ್ನುತ್ತಾ ಒಳಗೆ ಬಂದ ಕಿರಣ ಪತ್ರ ನೋಡಿ ನಿಂತ. ಆಮೇಲೆ ತಾನೇ ಶುರುಮಾಡಿದ. "ನೋಡು ಯವ್ವಾ, ಹತ್ತು ಮೆಟ್ಟಿಲು ಇಳದು ಬಂದು ಮಾತಾಡಬಹುದಿತ್ತು. ರಿಜಿಸ್ಟರ್ ಪತ್ರ ಹಾಕ್ತಾನ! ಪೋಸ್ಟಿನಾವ ಓಣ್ಯಾಗ ನಿಂತು ಸಹಿ ತಗೊಂಡ. ನಮ್ಮ ಮನ್ಯಾಗ ಇದ್ದು ನಮಗ ಕಾನೂನು ಹೇಳ್ತಾರ."

"ಬಾಯಿಲೆ ಹೇಳಿದ್ರಲ್ಲ. ಮೂರು ಸಲ."

"ಅದು ಗೀಜರಿನ…"

"ವಾಲ್ವು ಯಾರು ಬಂದ್ ಮಾಡಿದ್ರು?"

ಕಿರಣ ಹಿತ್ತಲ ಕಡೆ ನೋಡಿದ.

"ಕೂಡು," ಎಂದರು ಸೂಗಮ್ಮ. "ನಿನಗ ಒಂದು ಮಾತು ಹೇಳಿಲ್ಲ. ನಿನಗಾಗ ಮೂರು ವರ್ಷ. ಸ್ಟೇಷನ್ ಕಡೆ ಒಂದು ಮನ್ಯಾಗ ಇದ್ವಿ. ನಾವು ಯಾವ ಮಂದಿ ಅಂತ ಮಾಲಕನ ಹೆಂಡತಿಗೆ ಯಾರೋ ಹೇಳಿದ್ರು. ಬಿಟ್ಟು ಹೋಗ್ರಿ ಅಂತ ಬಾಯಿ ಬಿಟ್ಟು ಅನ್ನಲಿಲ್ಲ. ನೀರು ಬಂದ್ ಮಾಡಿದ್ರು. ಕೇಳಿದ್ರ, ಪೈಪು ಕೆಟ್ಟದ ಅಂದ್ರು. ಎರಡು ತಿಂಗಳು, ಡ್ಯೂಟಿ ಮುಗಿಸಿ ಬಂದು, ನಿನ್ನ ಸೊಂಟದ ಮ್ಯಾಲ ಇಟ್ಕೊಂಡು, ಆ ಕೊನಿ ಬೋರಿನಿಂದ ನೀರು ತಂದೀನಿ. ಒಂದಿನ ಕೊಡ ಜಾರಿ ನಿನ್ನ ಕಾಲ ಮ್ಯಾಲ ಬಿತ್ತು. ಅವತ್ತು ಅತ್ತೆ ನಾನು, ನೀರು ಚೆಲ್ಲಿತು ಅಂತ. ಮಗನ ಕಾಲು ನೋಡೋಕ್ಕಿಂತ ಮೊದಲ ನೀರು ನೋಡಿದ್ನಲ್ಲಾ ಅಂತ ಆಮ್ಯಾಲ ಮತ್ತ ಅತ್ತೆ."

ಕಿರಣ ತಲೆ ತಗ್ಗಿಸಿದ. ಅವನ ಎಡಗಾಲಿನ ಹೆಬ್ಬೆರಳ ಉಗುರು ಸೊಟ್ಟಗೆ ಬೆಳೆದಿತ್ತು. ಯಾಕೆಂದು ಅವನು ಯಾವತ್ತೂ ಕೇಳಿರಲಿಲ್ಲ.

"ಇವತ್ತು ಮಧ್ಯಾಹ್ನ ಆ ಹುಡುಗಿ ಎರಡು ಕೊಡ ಹೊತ್ತು ನನ್ನ ಮನಿ ಮೆಟ್ಟಿಲು ಹತ್ತಾಕತ್ತಿದ್ಳು," ಎಂದರು ಸೂಗಮ್ಮ. ಅವರ ದನಿ ಏರಲಿಲ್ಲ. "ನನ್ನ ಮನಿ ಅದು, ಕಿರಣ."

ಕಿರಣ ಹೇಳಿದ, "ಇನ್ನೊಂದು ಅದ ಬೇ." ಹೇಳುವಾಗ ತಾಯಿಯ ಮುಖ ನೋಡಲಿಲ್ಲ. "ಅರ್ಥಿಂಗ್ ಇಲ್ಲ ಅಂತ ನನಗ ಗೊತ್ತಿತ್ತು. ಹೊಸ ತಗ್ಗು ತೋಡಬೇಕು, ಅದು ಬ್ಯಾರೆ ಕೆಲಸ ಅಂದಿದ್ದ ಮೇಸ್ತ್ರಿ. ಆಮ್ಯಾಲ ಮಾಡಿಸೋಣ ಅಂದೆ. ಇವರು ಬಂದು ಮನಿ ತುಂಬಿದ್ರು, ಮರತೆ. ಅವರು ಜುಮ್ ಅಂತದ ಅಂದಾಗ ನೆನಪಾತು. ನಂದೇ ತಪ್ಪು ಅಂತ ಒಪ್ಕೊಳ್ಳಾಕ ಆಗಲಿಲ್ಲ."

ಸೂಗಮ್ಮ ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದರು. ಬಯ್ಯಬೇಕೆನ್ನಿಸಿತು, ಆದರೆ ಬಯ್ದರೆ ಅಲ್ಲಿಗೇ ಮುಗಿದುಬಿಡುತ್ತದೆ ಎಂದೂ ಅನ್ನಿಸಿತು. "ನಾಳಿ ರಜಾ ಹಾಕು," ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಸೂಗಮ್ಮ ಮಗನನ್ನು ಕರೆದುಕೊಂಡು ಜಿಲ್ಲಾ ಕೋರ್ಟಿನ ಆವರಣಕ್ಕೆ ಹೋದರು. ಅಲ್ಲಿ ಬಡವರಿಗೆ, ಹೆಣ್ಣುಮಕ್ಕಳಿಗೆ ಪುಕ್ಕಟೆಯಾಗಿ ಕಾನೂನು ಸಲಹೆ ಕೊಡುವ ಕಚೇರಿಯೊಂದಿದೆ ಎಂದು ಅವರಿಗೆ ಆಸ್ಪತ್ರೆಯ ದಿನಗಳಿಂದ ಗೊತ್ತಿತ್ತು; ಗಂಡಂದಿರಿಂದ ಹೊಡೆಸಿಕೊಂಡು ಬಂದ ಹೆಂಗಸರನ್ನು ಅಲ್ಲಿಗೆ ಕಳಿಸಿದ್ದರು. ಅವತ್ತು ಅಲ್ಲಿ ಕೂತಿದ್ದವಳು ಗುಲ್ಫಶಾ ಎಂಬ ಮೂವತ್ತರ ವಕೀಲೆ. ಬಾಡಿಗೆ ಮನೆಯ ವಿಷಯ ಎಂದ ಕೂಡಲೇ ಹಾಳೆ ತೆಗೆದುಕೊಂಡಳು.

"ಹೇಳ್ರಿ ಅಮ್ಮಾ. ಮಾಲಕರು ಏನು ತೊಂದರಿ ಕೊಡಾಕತ್ತ್ಯಾರ?"

"ಮಾಲಕಿ ನಾನರೀ ಮೇಡಂ. ತೊಂದರಿ ಕೊಟ್ಟಾಕಿನೂ ನಾನೇ."

ಗುಲ್ಫಶಾ ಪೆನ್ನು ಕೆಳಗಿಟ್ಟು ನಕ್ಕಳು. ಸೂಗಮ್ಮ ನಗಲಿಲ್ಲವಾದ್ದರಿಂದ ಅವಳೂ ಗಂಭೀರವಾದಳು. ಎಲ್ಲ ಕೇಳಿದ ಮೇಲೆ ಮೊದಲು ಕಿರಣನ ಕಡೆ ತಿರುಗಿದಳು.

"ನೀರು ಬಂದ್ ಮಾಡೋ ಹಕ್ಕು ಯಾವ ಮಾಲಕರಿಗೂ ಇಲ್ಲ ನೋಡ್ರಿ. ಜಗಳ ಇರ್ಲಿ, ಬಾಡಿಗಿ ಬಾಕಿ ಇರ್ಲಿ, ನೀರಿಗೆ ಕರೆಂಟಿಗೆ ಕೈ ಹಚ್ಚಂಗಿಲ್ಲ. ಮನಿ ಬಿಡಿಸಬೇಕಂದ್ರ ಕೋರ್ಟಿಗೆ ಬರಬೇಕು, ವಾಲ್ವಿನ ಹತ್ರ ಹೋಗಬಾರದು."

"ಅಗ್ರಿಮೆಂಟಿನ್ಯಾಗ ಸಣ್ಣಪುಟ್ಟ ರಿಪೇರಿ ಬಾಡಿಗಿದಾರರದ್ದು ಅಂತ ಬರಸೀವ್ರಿ," ಎಂದ ಕಿರಣ ಮೆಲ್ಲಗೆ.

"ಬಲ್ಬು ಹೋದ್ರ, ನಳದ ವಾಷರ್ ಸವದ್ರ ಅದು ಸಣ್ಣದು. ಗ್ವಾಡಿಯೊಳಗಿನ ವೈರು ಮನಿ ಕಟ್ಟಿದವರದ್ದು. ಆ ಸರ್ ಪತ್ರ ಹಾಕಿದ್ದೂ ಸರಿನೇ ಅದ. ಮಾಲಕರು ಮಾಡಬೇಕಾದ್ದು ಮಾಡಲಿಲ್ಲ ಅಂದ್ರ, ಮೊದಲ ತಿಳಿಸಿ, ತಾವೇ ಮಾಡಿಸಿ ಬಾಡಿಗಿಯೊಳಗ ಹಿಡ್ಕೊಬಹುದು. ಅವರು ಜಗಳ ತಗೀಲಿಲ್ಲ, ದಾರಿ ತಪ್ಪಲಿಲ್ಲ." ಅವಳು ಸೂಗಮ್ಮನ ಕಡೆ ತಿರುಗಿ ಕೇಳಿದಳು, "ಇನ್ನೊಂದು ಮಾತು. ಕಣ್ಣಿಗೆ ಕಾಣದ ದೋಷ ಮಾಲಕರಿಗೆ ಗೊತ್ತಿದ್ರ, ಮನಿ ಕೊಡೋಮುಂದನ ಹೇಳಬೇಕು. ಅರ್ಥಿಂಗ್ ಇಲ್ಲ ಅನ್ನೋದು ನಿಮಗ ಗೊತ್ತಿತ್ತೇನು ಅಮ್ಮಾ?"

"ನನಗ ಗೊತ್ತಿರಲಿಲ್ಲ. ನನ್ನ ಮಗಗ ಗೊತ್ತಿತ್ತು."

"ನಿಮ್ಮ ಪರವಾಗಿ ಮನಿ ಕಟ್ಟಿಸಿದವರು ಅವರೇ. ಅವರಿಗೆ ಗೊತ್ತಿದ್ರ ನಿಮಗ ಗೊತ್ತಿದ್ದಂಗ." ಗುಲ್ಫಶಾ ದನಿ ತಗ್ಗಿಸಿದಳು. "ಇದನ್ನ ಅವರ ಮುಂದ ಒಪ್ಕೊಂಡ್ರ, ನಾಳಿ ಕೇಸ್ ಹಾಕಬಹುದು, ಪರಿಹಾರ ಕೇಳಬಹುದು. ಮುಚ್ಚಿಡ್ರಿ ಅಂತ ನಾ ಹೇಳಂಗಿಲ್ಲ. ಏನಾಗಬಹುದು ಅನ್ನೋದು ನಿಮಗ ತಿಳಿದಿರಲಿ."

ಸೂಗಮ್ಮ ಮಗನ ಕಡೆ ಒಮ್ಮೆ ನೋಡಿದರು. "ವಾರ್ಡಿನ್ಯಾಗ ತಪ್ಪು ಗುಳಿಗಿ ಕೊಟ್ಟೀವಿ ಅಂತ ಗೊತ್ತಾದ್ರ ಮೊದಲ ಡಾಕ್ಟರಿಗೆ ಹೇಳಬೇಕು ಅಂತ ಹೊಸ ಹುಡುಗ್ಯಾರಿಗೆ ಕಲಿಸ್ತಿದ್ದೆ ಮೇಡಂ. ಮುಚ್ಚಿಟ್ರ ಮುಂದಿನ ಔಷಧನೂ ತಪ್ಪಾಗ್ತದ. ನಾ ಹೇಳ್ತೀನ್ರಿ."

ಅವತ್ತೇ ಸಂಜೆ, ವಾದಿರಾಜ ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ, ತಾಯಿ ಮಗ ಮೇಲೆ ಹೋದರು. ಸೂಗಮ್ಮ ಬಾಗಿಲಲ್ಲೇ ನಿಂತು, ಬರಬಹುದೇ ಎಂದು ಕೇಳಿ ಒಳಗೆ ಕಾಲಿಟ್ಟರು. ವಾದಿರಾಜ ಕುರ್ಚಿ ತೋರಿಸಿದ, ಅವರು ಕೂರಲಿಲ್ಲ.

"ಸರ, ನೀರು ಬಂದ್ ಮಾಡಿದ್ದು ತಪ್ಪು. ಮೋಟರ್ ಕೆಟ್ಟಿರಲಿಲ್ಲ. ಇನ್ನೊಂದು ಅದಕ್ಕಿಂತ ದೊಡ್ಡದು." ಅವರು ಮಗನ ಕಡೆ ನೋಡಿದರು.

ಕಿರಣ ಹೇಳಿದ. ಮೊದಲು ಮಾತು ತೊಡರಿತು, ಆಮೇಲೆ ಒಂದೂ ಬಿಡದೆ ಹೇಳಿದ. ಮೇಸ್ತ್ರಿ ಹೇಳಿದ್ದು, ತಾನು ಮುಂದೂಡಿದ್ದು, ಶ್ರೀಲಕ್ಷ್ಮೀ ಬಂದು ಹೇಳಿದಾಗ ಗೊತ್ತಿದ್ದೂ ಗೀಜರಿನ ಮೇಲೆ ಹಾಕಿದ್ದು.

ವಾದಿರಾಜ ಎದ್ದು ನಿಂತ. ಸಾಮಾನ್ಯವಾಗಿ ಮೆತ್ತಗೆ ಮಾತಾಡುವ ಅವನ ಕಿವಿಗಳು ಕೆಂಪಾಗಿದ್ದವು. "ಗೊತ್ತಿತ್ತು ಅಂತ ಹೇಳ್ಲಿಕ್ಕತ್ತೀರೇನು? ನಮ್ಮ ತಾಯಿ ಅವತ್ತು ತಲಿ ಹಿಂದ ಮಾಡಿ ಬಿದ್ದಿದ್ರ? ನಾ ಶಾಲ್ಯಾಗ, ಇಕಿ ಅಡಿಗಿ ಮನ್ಯಾಗ. ಏನಾಗ್ತಿತ್ತು ಹೇಳ್ರಿ?"

ಕಿರಣನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ.

"ನಿಮಗ ಕೇಸ್ ಹಾಕಬೇಕಂದ್ರ ಹಾಕ್ರಿ ಸರ," ಎಂದರು ಸೂಗಮ್ಮ. "ಮನಿ ಬಿಡ್ತೀವಿ ಅಂದ್ರ ನಿಮ್ಮ ಮುಂಗಡ ಅವತ್ತೇ ಕೈಗೆ ಕೊಡ್ತೀನಿ. ಇರ್ತೀವಿ ಅಂದ್ರ ನಾಳೆನೇ ಕೆಲಸ ಹಚ್ಚಿಸ್ತೀನಿ. ಬಾಯಾರ ದವಾಖಾನಿ ಖರ್ಚು ಯಾವುದಿದ್ರೂ ನಮ್ಮದು. ನೀವು ಏನಂದ್ರೂ ನನ್ನ ಉತ್ತರ ಹೌದು ಅಂತನೇ."

ಜಯಾಬಾಯಿ ಮಗನ ಕಡೆ ನೋಡಿದರು. "ಕೇಸಿನ ಮಾತು ಆಮ್ಯಾಲ ನೋಡೋಣ ವಾದಿ. ಹೇಳಬಾರದ್ದನ್ನ ತಾವಾಗೇ ಬಂದು ಹೇಳ್ಯಾರ." ಆಮೇಲೆ ಸೂಗಮ್ಮನ ಕಡೆ ತಿರುಗಿ, "ಆದ್ರ ನಾ ಒಂದು ಹೇಳ್ತೀನಿ. ಅದು ಸರಿ ಆಗೋತನಕ ಆ ಬಚ್ಚಲಕ್ಕ ನಾ ಕಾಲಿಡಂಗಿಲ್ಲ. ನನಗ ಅಂಜಿಕಿ ಆಗ್ತದ," ಎಂದರು.

"ನಮ್ಮ ಬಚ್ಚಲದಾಗ ಅರ್ಥಿಂಗ್ ಅದ ಬಾಯಾರ," ಎಂದರು ಸೂಗಮ್ಮ. ಹೇಳಿದ ಮೇಲೆ, ಹೇಳಬಾರದಿತ್ತೇನೋ ಎಂದು ಒಂದು ಕ್ಷಣ ತಡವರಿಸಿದರು. "ನಿಮಗ ನಡೀತದ ಅಂದ್ರ."

ಜಯಾಬಾಯಿ ಆಗ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಜಹೀರ್ ಸಲಕರಣೆ ತಂದ. ಐವತ್ತು ದಾಟಿದವನು, ಮಾತು ಜಾಸ್ತಿ. ಗೇಟಿನ ಪಕ್ಕ ಜಾಗ ಗುರುತು ಮಾಡಿ, "ಎಂಟು ಫೂಟು ಹೋಗಬೇಕು. ನಮ್ಮ ರಾಯಚೂರಿನ ನೆಲ, ಮ್ಯಾಲೆ ಮಣ್ಣು ಕೆಳಗ ಕಲ್ಲುಬಂಡಿ. ಇಬ್ರು ಬೇಕು," ಎಂದ. ಕಿರಣ ಅಂಗಿ ಬಿಚ್ಚಿ ಗುದ್ದಲಿ ತೆಗೆದುಕೊಂಡ. ಆಳು ಕರೆಸು ಎಂದು ಜಹೀರ್ ಹೇಳಿದರೂ ಕೇಳಲಿಲ್ಲ.

ಅವರು ತೋಡುತ್ತಿದ್ದಾಗ ಶ್ರೀಲಕ್ಷ್ಮೀಯ ಕೈ ಹಿಡಿದುಕೊಂಡು ಜಯಾಬಾಯಿ ಮೆಟ್ಟಿಲಿಳಿದು ಬಂದರು. ಹೆಗಲ ಮೇಲೆ ಟವಲು, ಒಗೆದ ಸೀರೆ. ಕೆಳಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಹೊಸ್ತಿಲು ದಾಟಿದರು. ಸೂಗಮ್ಮ ಬಚ್ಚಲಿನಲ್ಲಿ ಮಣೆ ಹಾಕಿ, ಪ್ಲಾಸ್ಟರಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದರು. ಕಟ್ಟುವಾಗ ಬೆರಳುಗಳನ್ನು ಒತ್ತಿ ನೋಡಿದರು.

"ಬೆರಳು ಬಾತಾವ ಬಾಯಾರ. ಕೈ ಕೆಳಗ ಬಿಡಬ್ಯಾಡ್ರಿ, ಮಲಗೋಮುಂದ ದಿಂಬಿನ ಮ್ಯಾಲೆ ಇಡ್ರಿ. ದಿನಾ ಹಿಂಗ ಮುಚ್ಚಿ ತಗದು ಮಾಡ್ರಿ, ಇಲ್ಲಂದ್ರ ಕಟ್ಟು ಬಿಚ್ಚಿದ ಮ್ಯಾಲ ಮರಗಟ್ಟಿರ್ತಾವ."

"ಹಿಂಗೇನು?"

"ಇನ್ನಾ ಸ್ವಲ್ಪ."

ಸ್ನಾನ ಮುಗಿಸಿ ಬಂದ ಜಯಾಬಾಯಿಯ ಕೂದಲನ್ನು ಸೂಗಮ್ಮ ಒರೆಸಿ ಗಂಟು ಹಾಕಿದರು. ವರ್ಷಗಟ್ಟಲೆ ಪರರ ತಾಯಂದಿರಿಗೆ ಮಾಡಿದ ಕೆಲಸ, ಕೈ ತಾನೇ ಮಾಡಿತು. ಜಯಾಬಾಯಿ ಕಣ್ಣು ಮುಚ್ಚಿ ಕೂತಿದ್ದರು. ಹೋಗುವಾಗ, "ನಾಳಿನೂ ಬರ್ತೀನಿ," ಎಂದರು.

ತಗ್ಗು ಆಗಲು ಎರಡು ದಿನ ಹಿಡಿಯಿತು. ತಾಮ್ರದ ತಗಡು ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ನೀರು ಹೊಯ್ದು, ಜಹೀರ್ ಹಸಿರು ವೈರನ್ನು ಅಲ್ಲಿಗೆ ತಂದು ಬಿಗಿದ. ಮೇಲಿನ ಬೋರ್ಡಿನಲ್ಲಿ, ಎಲ್ಲಿಯಾದರೂ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಬೀಳುವ ಸ್ವಿಚ್ಚನ್ನೂ ಕೂರಿಸಿದ. ಹಳೆಯ ಗೀಜರಿನ ಕಾಯಿಲ್ ಬದಲಿಸಿದ. ಅದು ಬಾಡಿಗೆದಾರರ ವಸ್ತು, ಅದರ ಖರ್ಚು ತನ್ನದೇ ಎಂದು ವಾದಿರಾಜ ಹಟ ಹಿಡಿದ. ಮೀಟರಿನಲ್ಲಿ ಎಲ್ಲ ಸರಿ ಎಂದು ಬಂದ ಮೇಲೆ ಕಿರಣ ಚಪ್ಪಲಿ ಬಿಟ್ಟು, ಬಚ್ಚಲಿನ ಒದ್ದೆ ನೆಲದ ಮೇಲೆ ನಿಂತು ನಳ ಹಿಡಿದುಕೊಂಡ.

"ಏ ಬಾಬಾ, ಮೀಟರ್ ಯಾತಕ್ಕ ಇಟ್ಕೊಂಡೀನಿ ನಾನು?" ಎಂದು ಜಹೀರ್ ಗದರಿದ. ಬಾಗಿಲಲ್ಲಿ ನಿಂತಿದ್ದ ವಾದಿರಾಜನಿಗೆ ನಗು ಬಂತು. ಆ ವಾರದಲ್ಲಿ ಅವನು ಕಿರಣನ ಮುಂದೆ ನಕ್ಕದ್ದು ಅದೇ ಮೊದಲು.

ಅವರು ಕೇಸು ಹಾಕಲಿಲ್ಲ, ಮನೆ ಬಿಡಲೂ ಇಲ್ಲ. ಆದರೆ ಹಳೆಯ ಕರಾರು ಪತ್ರ ಹರಿದು ಹೊಸದು ಮಾಡೋಣ ಎಂದ ವಾದಿರಾಜ. ಗುಲ್ಫಶಾ ಬರೆದುಕೊಟ್ಟಳು. ಗೋಡೆ, ಮಾಳಿಗೆ, ವೈರು, ಪೈಪು ಮಾಲಕರದು. ಯಾವ ಜಗಳವಿದ್ದರೂ ನೀರು ಕರೆಂಟು ತಡೆಯಬಾರದು. ಒಳಗೆ ಬರಬೇಕಾದರೆ ಹಿಂದಿನ ದಿನವೇ ತಿಳಿಸಬೇಕು. ಬಾಡಿಗೆ ಪಡೆದದ್ದಕ್ಕೆ ರಸೀದಿ ಕೊಡಬೇಕು. ಮೇಷ್ಟ್ರು ಅದರಲ್ಲೂ ಎರಡು ಕಾಗುಣಿತದ ತಪ್ಪು ಹುಡುಕಿ ತಿದ್ದಿದ. ಜಯಾಬಾಯಿ ಎಡಗೈಯಿಂದ ಸಾಕ್ಷಿಯ ಸಹಿ ಹಾಕಿದರು, ಸೊಟ್ಟಸೊಟ್ಟಗೆ. ಒಂದು ಪ್ರತಿಯನ್ನು ತಮಗೂ ಬೇಕೆಂದು ಕೇಳಿ ಇಸಿದುಕೊಂಡರು. ಯಾಕೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಏಪ್ರಿಲ್ ಕಳೆದು ಕೈ ಕಟ್ಟು ಬಿಚ್ಚಿದರು. ಸ್ನಾನಕ್ಕೆ ಕೆಳಗೆ ಬರುವ ಅಗತ್ಯ ಉಳಿದಿರಲಿಲ್ಲ. ಆದರೂ ಬೆಳಗಿನ ಹೊತ್ತು ಜಯಾಬಾಯಿ ಒಂದು ಸುತ್ತು ಇಳಿದು ಬರುತ್ತಿದ್ದರು. ಬೆರಳು ಮಡಚಿ ತೋರಿಸುತ್ತಿದ್ದರು, ಬಿಪಿ ನೋಡಿಸಿಕೊಳ್ಳುತ್ತಿದ್ದರು. ಚಹಾ ಮಾತ್ರ ಕುಡಿಯುತ್ತಿರಲಿಲ್ಲ. ಸೂಗಮ್ಮ ಕೇಳುವುದನ್ನು ಬಿಟ್ಟಿದ್ದರು. ಬಂದು ಕೂರುತ್ತಾರಲ್ಲ ಎನ್ನುವುದೇ ಅವರಿಗೆ ಸಾಕಾಗಿತ್ತು.

ಜೂನ್ ಮೊದಲ ವಾರ ಒಂದು ದೊಡ್ಡ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಜಯಾಬಾಯಿ ಬಂದು ಕೂತರು, ಬಿಪಿ ನೋಡಿಸಿಕೊಳ್ಳಲು ಕೈ ಚಾಚಲಿಲ್ಲ.

"ಸೂಗಮ್ಮ, ನಾ ಒಂದು ಹೇಳಬೇಕು. ಮಾನ್ವಿಯೊಳಗ ನಮ್ಮದು ಹಳೆ ಮನಿ ಅದ. ಹಿಂದಿನ ಎರಡು ಖೋಲಿ ಬಾಡಿಗಿಗೆ ಕೊಟ್ಟೀವಿ. ಗೋಪಮ್ಮ ಅಂತ, ಚೀಕಲಪರ್ವಿ ಕಡೆಯಾಕಿ. ಹೋಟೆಲಿನ್ಯಾಗ ರೊಟ್ಟಿ ಮಾಡ್ತಾಳ, ಇಬ್ಬರು ಹೆಣ್ಣುಮಕ್ಕಳು. ಮಾಳಿಗಿ ಸೋರ್ತದ ಅಂತ ಎರಡು ಮಳಿಗಾಲದಿಂದ ಫೋನ್ ಮಾಡ್ತಾಳ. ನೋಡೋಣ, ನೋಡೋಣ ಅಂತ ನಾನೇ ಅನ್ಕೋತ ಬಂದೀನಿ. ನಿನ್ನೆ ಮಳಿ ಬಂತು, ಫೋನ್ ಬರ್ಲಿಲ್ಲ. ಹೇಳಿ ಹೇಳಿ ಸಾಕಾಗಿ ಬಿಟ್ಟಾಳ ಅನ್ನಿಸ್ತು. ನನಗ ನಿದ್ದಿನೇ ಹತ್ತಲಿಲ್ಲ."

ಸೂಗಮ್ಮ ಅವರ ಮುಖ ನೋಡಿದರು. "ಯಾವಾಗ ಹೋಗೋಣ?" ಎಂದಷ್ಟೇ ಕೇಳಿದರು.

ಆ ಭಾನುವಾರ ಇಬ್ಬರೂ ಮಾನ್ವಿ ಬಸ್ಸು ಹತ್ತಿದರು. ಹೋಗುವ ವಿಷಯವನ್ನು ಜಯಾಬಾಯಿ ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿದ್ದರು. ಕಲ್ಲೂರು ದಾಟುವಾಗ ಎರಡೂ ಕಡೆ ಹೊಲಗಳಲ್ಲಿ ಹಸಿ ಮಣ್ಣು ಕಪ್ಪಗೆ ಹೊಳೆಯುತ್ತಿತ್ತು, ಜನ ಬೀಜದ ಚೀಲ ಹೊತ್ತು ಓಡಾಡುತ್ತಿದ್ದರು. ಜಯಾಬಾಯಿ ಕಿಟಕಿಯ ಕಡೆ ಕೂತು ದಾರಿಯುದ್ದಕ್ಕೂ ತಮ್ಮ ಮನೆಯ ಕಥೆ ಹೇಳಿದರು. ಮಾವನ ಕಾಲದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಮೇಲೆ ಸುಣ್ಣ ಬಡಿದು ಎಷ್ಟು ವರ್ಷವಾಯಿತೋ ಎಂದು ಲೆಕ್ಕ ಹಾಕಲು ಹೋಗಿ ತಪ್ಪಿದರು.

ಗೋಪಮ್ಮ ಬಾಗಿಲಲ್ಲೇ ಕಾದಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಮುಖ ಬಿಗಿದುಕೊಂಡಿದ್ದಳು. ಹಿಂದೆ ಇಬ್ಬರು ಹುಡುಗಿಯರು ಗೋಡೆಗೊರಗಿ ನಿಂತಿದ್ದರು. ಒಳಗೆ ಸಾಮಾನು ಒಂದು ಮೂಲೆಗೆ ಒತ್ತಿಟ್ಟದ್ದು ಹೊರಗಿನಿಂದಲೇ ಕಾಣುತ್ತಿತ್ತು.

"ಬಾಯಾರ, ಸಾಲಿ ಶುರುವಾಗ್ಯಾವ. ಈ ವರ್ಷ ಒಂದು ಇಲ್ಲೇ ಇರಾಕ ಬಿಡ್ರಿ," ಎಂದಳು, ಅವರು ಮೆಟ್ಟಿಲು ಹತ್ತುವ ಮೊದಲೇ. "ಮಾಳಿಗಿ ಮಾತು ಇನ್ನ ಎತ್ತಂಗಿಲ್ಲ ನಾನು."

ಜಯಾಬಾಯಿ ಅಲ್ಲೇ ನಿಂತುಬಿಟ್ಟರು. ಮನೆ ಬಿಡಿಸಲು ಬಂದಿದ್ದಾರೆಂದು ಅವಳು ತಿಳಿದಿದ್ದಳು. ಮಾಲಕಿ ತಾನಾಗಿ ಬರುತ್ತೇನೆಂದು ಫೋನು ಮಾಡಿದರೆ ಬೇರೆ ಏನು ಅರ್ಥವಿರಬಹುದೆಂದು ಅವಳಿಗೆ ತೋಚಿರಲಿಲ್ಲ. ಜಯಾಬಾಯಿ ಸೂಗಮ್ಮನ ಕಡೆ ನೋಡಿದರು.

"ಬಿಡಿಸ್ಲಿಕ್ಕೆ ಬಂದಿಲ್ಲ ಗೋಪಮ್ಮ," ಎಂದರು ಜಯಾಬಾಯಿ. "ಮಾಳಿಗಿ ಮಾತು ಎತ್ತಲಿಕ್ಕೇ ಬಂದೀನಿ. ಎರಡು ವರ್ಷದ ಹಿಂದೇ ಬರಬೇಕಾಗಿತ್ತು, ನನ್ನ ತಪ್ಪು. ಎಲ್ಲಿ ಸೋರ್ತದ, ತೋರಿಸು."

ಗೋಪಮ್ಮ ನಂಬಲಾರದೆ ಇಬ್ಬರನ್ನೂ ನೋಡಿದಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಅವಳಿಗಿಂತ ಮೊದಲು ಸಣ್ಣ ಹುಡುಗಿ ಒಳಗೆ ಓಡಿ, ಬೆರಳು ಮೇಲೆ ಮಾಡಿ ತೊಲೆಯ ಸಂದು ತೋರಿಸಿದಳು.

"ಇಲ್ಲಿರೀ ಅಜ್ಜಿ. ಮತ್ತ ಅಲ್ಲಿ. ಮತ್ತ ನಾವು ಮಲಗೋ ಕಡಿ."

"ನಾಕು ಕಡಿ ಅದ್ರೀ ಬಾಯಾರ," ಎಂದಳು ಗೋಪಮ್ಮ, ಈಗ ದನಿಯಲ್ಲಿ ಸ್ವಲ್ಪ ಬಲ ಬಂದಿತ್ತು. "ಹಿತ್ತಲ ಬಾಗಿಲಿನ ಚೌಕಟ್ಟೂ ಗೆದ್ದಲ ತಿಂದೈತಿ. ಅದನ್ನ ಯಾವತ್ತೂ ಹೇಳಿರಲಿಲ್ಲ ನಾನು."

"ಹೇಳು, ಎಲ್ಲಾ ಹೇಳು," ಎಂದರು ಜಯಾಬಾಯಿ. ಚೀಲದಿಂದ ನೋಟುಬುಕ್ಕು, ಅದರೊಳಗೆ ಮಡಚಿಟ್ಟಿದ್ದ ಆ ಕರಾರಿನ ಪ್ರತಿ ತೆಗೆದು ಸೂಗಮ್ಮನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಡುಗಿಯ ಹಿಂದೆ ಒಳಕೋಣೆಗೆ ನಡೆದರು.